ಸಮುದ್ರಸ್ನಾನವೂ ಗುಂಗುರುಗೂದಲೂ

ಪರೀಕ್ಷೆಗಳು ಮುಗಿದು ಶಾಲಾಕಾಲೇಜುಗಳಿಗೆ ಬೇಸಗೆಯ ರಜೆ ಬಂದಿತೆಂದರೆ, ಠಾಣೆಯಿಂದ ಡೊಂಬಿವಲಿ, ಕಲ್ಯಾಣಗಳವರೆಗೂ, ಅತ್ತ ವಾಶಿಯಿಂದ ಪನವೇಲದವರೆಗೂ ಹರಡಿಕೊಂಡಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಊರಿನ ಮಾತು ಆರಂಭವಾಗುತ್ತದೆ. 1998ರಲ್ಲಿ ಕೊಂಕಣ ರೈಲುಮಾರ್ಗವು ಪೂರ್ಣವಾಗಿ ತೆರೆದ ಮೇಲಂತೂ ಕರಾವಳಿಯವರಿಗೆ ಊರು ಹತ್ತಿರವಾಗಿದೆ. ಠಾಣೆಯಲ್ಲಿ ಮತ್ಸ್ಯಗಂಧಾ ಗಾಡಿಯನ್ನೇರಿದವರು ಮರುದಿನ ಬೆಳಗಿಗೆ ಕುಂದಾಪುರ, ಉಡುಪಿಗಳಲ್ಲಿ ಇಳಿಯುತ್ತಾರೆ. ವರ್ಷವಿಡೀ ಹೋಟೆಲಿನ ಒಲೆಯ ಮುಂದೆಯೋ ಕಚೇರಿಯ ಕಡತಗಳ ಮುಂದೆಯೋ ಬೆವರು ಸುರಿಸಿದವರು ಅಂದು ಸಂಜೆಯೇ ಮಕ್ಕಳುಮರಿಗಳೊಡನೆ ಕಡಲಿಗೆ ಇಳಿಯುವುದು ಸ್ವಾಭಾವಿಕವೇ ಸರಿ.

ಆದರೆ ಇಳಿಯದೆ ದಡದಲ್ಲೇ ಕುಳಿತುಬಿಡುವವರೂ ಇದ್ದಾರೆ. ಅಂಥ ಒಬ್ಬಳ ಸಂಗತಿಯೇ ಈ ಲೇಖನಕ್ಕೆ ಕಾರಣವಾಯಿತು.

ನಮ್ಮ ಪರಿಚಿತರೊಬ್ಬರು ಠಾಣೆಯ ಒಂದು ಹೋಟೆಲಿನ ಗಲ್ಲೆಯಲ್ಲಿ ಕುಳಿತುಕೊಳ್ಳುವವರು. ವಾಸ ಡೊಂಬಿವಲಿಯಲ್ಲಿ, ಮೂಲ ಕುಂದಾಪುರದ ಕಡೆಯ ಹಳ್ಳಿ. ಕಾಲೇಜಿನಲ್ಲಿ ಓದುತ್ತಿರುವ ಮಗಳಿಗೆ ಅಜ್ಜಿಯಿಂದ ಬಂದ ದಟ್ಟವಾದ ಗುಂಗುರುಗೂದಲು. ಕಳೆದ ಮೇ ತಿಂಗಳಿನಲ್ಲಿ ಊರಿಗೆ ಹೋದಾಗ ಮನೆಮಂದಿಯೆಲ್ಲ ಕೋಡಿಯ ಕಡಲತಡಿಗೆ ಹೋದರು. ತಮ್ಮನೂ ಮಾವನ ಮಕ್ಕಳೂ ತೆರೆಗಳಲ್ಲಿ ಕೇಕೆ ಹಾಕುತ್ತಿರಲು, ಈ ಹುಡುಗಿ ಮಾತ್ರ ತಲೆಗೆ ಶಾಲು ಬಿಗಿದುಕೊಂಡು ಎಲ್ಲರ ಚಪ್ಪಲಿಗಳನ್ನು ಕಾಯುತ್ತ ಮರಳಿನ ಮೇಲೆ ಕುಳಿತಳು.

“ಯಾಕೆ ಮಗಾ, ನೀರಿಗೆ ಇಳಿಯುವುದಿಲ್ಲವೇ?” ಎಂದು ತಂದೆ ಕೇಳಿದರು.

“ಬೇಡ ಅಪ್ಪಯ್ಯ. ಹೋದ ವರ್ಷದ ಹಾಗೆ ತಲೆ ಹಾಳಾದರೆ ಕಾಲೇಜಿಗೆ ಹೇಗೆ ಹೋಗಲಿ?”

ಹಿಂದಿನ ವರ್ಷ ಅವಳೂ ಸಂತೋಷದಿಂದ ಈಜಿದ್ದಳು. ಮೇಲೆ ಬಂದು ದಪ್ಪ ಟವೆಲಿನಿಂದ ತಲೆಯನ್ನು ತಿಕ್ಕಿ, ಬಿಸಿಲಿನಲ್ಲಿ ಕುಳಿತು ಒಣಗಿಸಿ, ರಾತ್ರಿ ಸಣ್ಣ ಹಲ್ಲಿನ ಬಾಚಣಿಗೆಯನ್ನು ಬಲವಾಗಿ ಎಳೆದಿದ್ದಳು. ಕೂದಲು ತೆಂಗಿನ ನಾರಿನಂತಾಗಿ, ಕೈತುಂಬ ತುಂಡುಗಳು ಉದುರಿದವು. ರಜೆ ಮುಗಿಸಿ ಬಂದ ಮೇಲೆ ತರಗತಿಯಲ್ಲಿ ಯಾರೋ “ಪೊರಕೆ” ಎಂದರಂತೆ. ಆ ಒಂದು ಮಾತು ಅವಳನ್ನು ವರ್ಷವಿಡೀ ಕುಟುಕುತ್ತಿತ್ತು. ಜೂನ್ ತಿಂಗಳಿನಲ್ಲಿ ಡೊಂಬಿವಲಿಗೆ ಮರಳಿದೊಡನೆ, ಬ್ಯೂಟಿ ಪಾರ್ಲರಿನಲ್ಲಿ ಕೂದಲನ್ನು ಶಾಶ್ವತವಾಗಿ ನೇರ ಮಾಡಿಸಿಕೊಳ್ಳುತ್ತೇನೆಂದು ಹಟ ಹಿಡಿದಳು. ಅದಕ್ಕೆ ಕೇಳಿದ ಹಣ ತಂದೆಯ ಅರ್ಧ ತಿಂಗಳ ಸಂಬಳಕ್ಕೆ ಸಮ. ತಂದೆ ಹಣವಿಲ್ಲವೆಂದು ಬೇಡವೆಂದರು. ತನ್ನ ಕಷ್ಟವನ್ನು ಇವರು ತಿಳಿಯರೆಂದು ಮಗಳು ಭಾವಿಸಿದಳು. ಎರಡು ವಾರಗಳ ಕಾಲ ಆ ಮನೆಯಲ್ಲಿ ತಂದೆಮಗಳ ನಡುವೆ ಮಾತು ನಿಂತಿತ್ತು.

ಕೂದಲಿನಂಥ ಸಣ್ಣ ವಿಷಯಕ್ಕೆ ಇಷ್ಟು ದುಃಖವೇ ಎಂದು ನಗುವ ಗಂಡಸರುಂಟು. ನಗುವುದು ಸುಲಭ. ಆದರೆ ಹದಿನೆಂಟರ ವಯಸ್ಸಿನಲ್ಲಿ ತಲೆ ತಗ್ಗಿಸಿ ನಡೆಯುವಂತೆ ಮಾಡುವ ಸಂಗತಿ ಸಣ್ಣದಲ್ಲ. ಹೀಗಿರಲು, ಕಡಲನೀರು ಗುಂಗುರುಗೂದಲಿಗೆ ಮಾಡುವುದೇನು, ಅದಕ್ಕೆ ನಮ್ಮ ಕೈಯಳತೆಯ ಉಪಾಯವೇನು ಎಂಬುದನ್ನು ವಿಚಾರಿಸುವುದು ಉಚಿತವಾಗಿದೆ.

ಗುಂಗುರು ಒಂದು ದೋಷವೇ?

ಮೊದಲು ಈ ಪ್ರಶ್ನೆಯನ್ನೇ ತೀರ್ಮಾನಿಸೋಣ. ಕುರುಳು, ಮುಂಗುರುಳು ಎಂಬ ಮಾತುಗಳು ಕನ್ನಡದಲ್ಲಿ ಹುಟ್ಟಿದ್ದು ನಿಂದೆಗಾಗಿ ಅಲ್ಲ, ಹೊಗಳಿಕೆಗಾಗಿ. 981ರಲ್ಲಿ ಪ್ರತಿಷ್ಠೆಯಾದ ಶ್ರವಣಬೆಳಗೊಳದ ಗೊಮ್ಮಟನ ತಲೆಯ ಮೇಲೂ, 1432ರಲ್ಲಿ ನಿಂತ ಕಾರ್ಕಳದ ಗೊಮ್ಮಟನ ತಲೆಯ ಮೇಲೂ ಶಿಲ್ಪಿಗಳು ಕಡೆದಿರುವುದು ಸುರುಳಿ ಸುರುಳಿಯಾದ ಕೂದಲನ್ನೇ. ನಾಡಿನ ಅತ್ಯಂತ ಸುಂದರ ಪುರುಷನೆಂದು ಭಾವಿಸಿದವನಿಗೆ ಅವರು ಕೊಟ್ಟದ್ದು ಗುಂಗುರುಗೂದಲು ಎಂಬುದನ್ನು ಮರೆಯಬಾರದು.

ಕೂದಲು ಗುಂಗುರಾಗುವುದು ಹುಟ್ಟಿನಿಂದ ಬರುವ ಗುಣ. ಚರ್ಮದೊಳಗೆ ಕೂದಲು ಹುಟ್ಟುವ ಕುಳಿ ನೆಟ್ಟಗಿದ್ದರೆ ಕೂದಲು ನೇರ. ಕುಳಿ ಬಾಗಿದ್ದರೆ ಕೂದಲೂ ಬಾಗಿ ಬರುತ್ತದೆ. ನೇರವಾದ ಕೂದಲಿನ ಎಳೆಯನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಅದು ದುಂಡಗೆ ಕಾಣುತ್ತದೆ. ಗುಂಗುರುಗೂದಲಿನ ಎಳೆ ಮೊಟ್ಟೆಯಾಕಾರವಾಗಿ ಚಪ್ಪಟೆಯಾಗಿರುತ್ತದೆ. ತಲೆಯ ಚರ್ಮದಲ್ಲಿ ಒಸರುವ ಸಹಜವಾದ ಜಿಡ್ಡು ನೇರಗೂದಲಿನಲ್ಲಿ ಸರಾಗವಾಗಿ ತುದಿಯವರೆಗೆ ಇಳಿಯುತ್ತದೆ. ಸುರುಳಿಗಳಲ್ಲಿ ಅದು ತುದಿಗೆ ಮುಟ್ಟುವುದೇ ಕಷ್ಟ. ಆದ್ದರಿಂದ ಗುಂಗುರುಗೂದಲು ಬುಡದಲ್ಲಿ ಜಿಡ್ಡಾಗಿಯೂ ತುದಿಯಲ್ಲಿ ಒಣಕಲಾಗಿಯೂ ಇರುತ್ತದೆ. ಇದರ ಆರೈಕೆಯ ಗುಟ್ಟೆಲ್ಲ ಈ ಒಂದು ಸಂಗತಿಯಲ್ಲಿದೆ.

ಉಪ್ಪುನೀರಿನ ಕೆಲಸ

ಪ್ರತಿಯೊಂದು ಎಳೆಯ ಹೊರಮೈಯಲ್ಲಿ ಮನೆಯ ಹಂಚುಗಳಂತೆ ಒಂದರ ಮೇಲೊಂದು ಹೊದೆಸಿದ ಅತಿ ಸೂಕ್ಷ್ಮವಾದ ಪೊರೆಗಳಿವೆ. ಹಂಚುಗಳು ಮಟ್ಟಸವಾಗಿ ಕುಳಿತಿದ್ದರೆ ಕೂದಲು ನುಣುಪಾಗಿ ಹೊಳೆಯುತ್ತದೆ. ಎದ್ದುನಿಂತರೆ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಕೆದರುತ್ತವೆ. ಒಂದು ಲೀಟರು ಕಡಲನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಹದವಾದ ಸಾರಿಗೆ ನಮ್ಮ ಅಡುಗೆಭಟ್ಟರು ಹಾಕುವ ಉಪ್ಪಿಗೆ ಇದು ಮೂರು ನಾಲ್ಕು ಪಾಲು ಹೆಚ್ಚು. ಕಡಲನೀರಿಗೆ ಸ್ವಲ್ಪ ಕ್ಷಾರಗುಣವೂ ಇದೆ. ಕ್ಷಾರವು ಹಂಚುಗಳನ್ನು ಎಬ್ಬಿಸುವಂಥದು. ನೀರು ಆರಿದ ಮೇಲೆ ಲವಣವು ಸೂಕ್ಷ್ಮವಾದ ಹರಳುಗಳಾಗಿ ಎಳೆಗಳ ಮೇಲೆ ಉಳಿದು, ಮರಳುಕಾಗದದಂತೆ ಒಂದು ಎಳೆಯನ್ನು ಇನ್ನೊಂದು ಉಜ್ಜುವಂತೆ ಮಾಡುತ್ತದೆ. ಮೇಲಿನಿಂದ ಬಿಸಿಲು ಬೇರೆ ಕೂದಲಿನ ಸತ್ತ್ವವನ್ನೂ ಬಣ್ಣವನ್ನೂ ಕೆಡಿಸುತ್ತದೆ.

ಮಳೆಗಾಲದಲ್ಲಿ ಅಡುಗೆಮನೆಯ ಕಲ್ಲುಪ್ಪು ನೀರೊಡೆಯುವುದನ್ನು ಎಲ್ಲರೂ ಕಂಡಿದ್ದಾರೆ. ಕಡಲಿನ ಉಪ್ಪಿನಲ್ಲಿ ಗಾಳಿಯ ತೇವವನ್ನು ಹೀರುವ ಅಂಶಗಳಿರುವುದೇ ಅದಕ್ಕೆ ಕಾರಣ. ತೊಳೆಯದೆ ಬಿಟ್ಟ ತಲೆಯಲ್ಲಿಯೂ ನಡೆಯುವುದು ಇದೇ. ಹಗಲು ಗರಿಗರಿಯಾಗಿ ಒಣಗಿದ ಕೂದಲು ಸಂಜೆಯ ಕಡಲಗಾಳಿಗೆ ಮತ್ತೆ ಅಂಟಂಟಾಗಿ ಗಂಟುಬೀಳುತ್ತದೆ.

ಹಾಗೆಂದು ಒಂದು ಗಂಟೆಯ ಈಜಿನಿಂದ ಕೂದಲು ನಾಶವಾಗುವುದಿಲ್ಲ. ಹಾನಿಯಲ್ಲಿ ದೊಡ್ಡ ಪಾಲು ಆಗುವುದು ಉಪ್ಪನ್ನು ತಲೆಯಲ್ಲೇ ಇಟ್ಟುಕೊಂಡು ತಿಕ್ಕಿ, ಬಿಸಿಲಿನಲ್ಲಿ ಒಣಗಿಸಿ, ಬಾಚಿ ಎಳೆಯುವುದರಿಂದ. ನಮ್ಮ ಹುಡುಗಿಯ ಅಜ್ಜಿ ಆ ದಿನ ಸಂಜೆ ವಿಷಯ ತಿಳಿದು ಹೇಳಿದ ಮಾತೂ ಅದೇ: “ಕಡಲಿನದು ತಪ್ಪಲ್ಲ ಮಗಾ. ಕಡಲಿನಿಂದ ನೇರ ಬಾವಿಕಟ್ಟೆಗೆ ಬಾರದೆ ಇದ್ದದ್ದು ತಪ್ಪು.”

ಕರಾವಳಿಯ ಹಿರಿಯರಿಗೆ ಕಡಲಿನಲ್ಲಿ ಮುಳುಗಿದ ಮೇಲೆ ಸಿಹಿನೀರಿನ ಸ್ನಾನ ರೂಢಿಯಾಗಿತ್ತು. ಮರವಂತೆಯಲ್ಲಿ ಕರ್ಕಾಟಕ ಅಮಾವಾಸ್ಯೆಯಂದು ಜನರು ಕಡಲಿನಲ್ಲಿಯೂ ಸೌಪರ್ಣಿಕಾ ನದಿಯಲ್ಲಿಯೂ ಮೀಯುತ್ತಾರೆ. ರಾಮೇಶ್ವರದಲ್ಲಿ ಯಾತ್ರಿಕರು ಕಡಲಿನ ಅಗ್ನಿತೀರ್ಥದಲ್ಲಿ ಮುಳುಗಿ, ಬಳಿಕ ದೇವಾಲಯದೊಳಗಿನ 22 ತೀರ್ಥಗಳ ನೀರನ್ನು ಸುರಿಸಿಕೊಳ್ಳುತ್ತಾರೆ. ಈ ಆಚಾರಗಳು ಹುಟ್ಟಿದ್ದು ಕೂದಲಿಗಾಗಿ ಅಲ್ಲ. ಆದರೂ ಕೂದಲಿಗೆ ಬೇಕಾದದ್ದು ಅವುಗಳಲ್ಲಿದೆ.

ನೀರಿಗೆ ಇಳಿಯುವ ಮುನ್ನ

ಒಣಗಿದ ಕೂದಲು ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲಿನಷ್ಟು ನೀರನ್ನು ಹೀರಬಲ್ಲುದು. ಮೊದಲೇ ಸಿಹಿನೀರನ್ನು ಕುಡಿದು ತಣಿದ ಕೂದಲಿನಲ್ಲಿ ಉಪ್ಪುನೀರಿಗೆ ಜಾಗ ಕಡಮೆ. ಆದ್ದರಿಂದ ಕಡಲಿಗೆ ಇಳಿಯುವ ಮುನ್ನ ಎರಡು ತಂಬಿಗೆ ಸಿಹಿನೀರಿನಿಂದ ತಲೆಯನ್ನು ಚೆನ್ನಾಗಿ ನೆನೆಸಿಕೊಳ್ಳಬೇಕು. ಕಾಸು ಖರ್ಚಿಲ್ಲದ ಈ ಉಪಾಯವೇ ಎಲ್ಲಕ್ಕಿಂತ ಮುಖ್ಯವಾದುದು.

ಎರಡನೆಯದು ತೆಂಗಿನೆಣ್ಣೆ. ಹಿಂದಿನ ರಾತ್ರಿಯೇ ಎರಡು ಚಮಚೆ ಎಣ್ಣೆಯನ್ನು ಕೂದಲಿನ ನಡುವಿನಿಂದ ತುದಿಯವರೆಗೆ ಹಚ್ಚಿ ಸವರಬೇಕು. ಮುಂಬಯಿಯ ಮ್ಯಾರಿಕೋ ಕಂಪೆನಿಯ ಪ್ರಯೋಗಶಾಲೆಯ ಆರತಿ ರೇಲೆ ಮತ್ತು ಆರ್. ಬಿ. ಮೋಹಿಲೆ ಎಂಬ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜತೈಲಗಳನ್ನು ಹೋಲಿಸಿ ನೋಡಿದರು. ತೊಳೆಯುವಾಗ ಕೂದಲಿನಿಂದ ಪ್ರೋಟೀನು ನಷ್ಟವಾಗುವುದನ್ನು ತಗ್ಗಿಸಿದ್ದು ತೆಂಗಿನೆಣ್ಣೆ ಮಾತ್ರ. ಅದರ ಕಣಗಳು ಚಿಕ್ಕವಾಗಿಯೂ ನೀಳವಾಗಿಯೂ ಇರುವುದರಿಂದ ಎಳೆಯ ಒಳಕ್ಕೆ ಇಳಿಯುತ್ತವೆಂದು ಅವರ ಅಭಿಪ್ರಾಯ. ತೆಂಗಿನೆಣ್ಣೆಯನ್ನು ಮಾರುವ ಕಂಪೆನಿಯವರೇ ನಡೆಸಿದ ಪರೀಕ್ಷೆ ಇದೆಂಬುದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಲಿ. ಆದರೂ ನಮ್ಮ ಅಜ್ಜಿಯಂದಿರ ಅನುಭವವೂ ಅದನ್ನೇ ಹೇಳುತ್ತದೆ. ತಲೆಯಲ್ಲಿ ಹೊಟ್ಟು ಇರುವವರು ಎಣ್ಣೆಯನ್ನು ಬುಡಕ್ಕೆ ಹಚ್ಚದಿರುವುದು ಒಳ್ಳೆಯದು.

ಮೂರನೆಯದಾಗಿ, ಕೂದಲನ್ನು ಬಿಚ್ಚಿಕೊಂಡು ಈಜಬಾರದು. ಸಡಿಲವಾದ ಜಡೆ ಹೆಣೆದು, ರಬ್ಬರಿನ ಬದಲು ಬಟ್ಟೆಯ ಪಟ್ಟಿಯಿಂದ ಕಟ್ಟಬೇಕು. ತೆರೆಗಳ ಹೊಡೆತಕ್ಕೆ ಬಿಚ್ಚುಗೂದಲು ಗಂಟಾದಷ್ಟು ಹೆಣೆದ ಜಡೆ ಆಗುವುದಿಲ್ಲ. ಪುರಸಭೆಯ ಈಜುಕೊಳಗಳಿಗೆ ಹೋಗುವವರಿಗೂ ಇದೇ ನಿಯಮ. ಅಲ್ಲಿ ಉಪ್ಪಿನ ಬದಲು ಕ್ಲೋರಿನ್ ಇರುತ್ತದೆ, ಅಷ್ಟೇ.

ಮೇಲೆ ಬಂದೊಡನೆ

ದಡಕ್ಕೆ ಬಂದ ಮೇಲೆ ತಡ ಮಾಡಬಾರದು. ತಲೆ ಒಣಗುವ ಮೊದಲೇ ಸಿಹಿನೀರು ಹಾಕಿ ಉಪ್ಪನ್ನೂ ಮರಳನ್ನೂ ಇಳಿಸಬೇಕು. ಇಲ್ಲೊಂದು ಎಚ್ಚರಿಕೆ ಅಗತ್ಯ. ಕಡಲತಡಿಯ ಬಾವಿಗಳಲ್ಲಿ ಮೇ ತಿಂಗಳ ಹೊತ್ತಿಗೆ ನೀರು ಸವುಳಾಗುವುದುಂಟು. ಬಾಯಿಗೆ ಹಾಕಿ ನೋಡಿದರೆ ತಿಳಿಯುತ್ತದೆ. ಅಂಥ ಕಡೆಗೆ ಹೋಗುವವರು ಮನೆಯಿಂದಲೇ ಎರಡು ದೊಡ್ಡ ಸೀಸೆ ನೀರನ್ನು ಒಯ್ಯಬೇಕು. ಒಂದು ಇಳಿಯುವ ಮುನ್ನ, ಒಂದು ಬಂದ ಮೇಲೆ.

ಮನೆಗೆ ಬಂದು ತಲೆಸ್ನಾನ ಮಾಡುವಾಗ ಮೈಸಾಬೂನನ್ನು ತಲೆಗೆ ಹಚ್ಚಬಾರದು. ಸಾಬೂನು ಕಡಲನೀರಿಗಿಂತಲೂ ಹೆಚ್ಚು ಕ್ಷಾರ. ಅದರಲ್ಲಿಯೂ ಬೋರ್‌ವೆಲ್ ಅಥವಾ ಟ್ಯಾಂಕರಿನ ಗಡುಸು ನೀರಿನೊಡನೆ ಸೇರಿದರೆ ಬಿಳಿಯ ಮಡ್ಡಿಯಾಗಿ ಕೂದಲಿಗೆ ಅಂಟುತ್ತದೆ. ನೀರು ಗಡುಸೋ ಅಲ್ಲವೋ ಎಂದು ತಿಳಿಯಲು ನಮ್ಮ ಹೋಟೆಲಿನ ಬಂಧುಗಳಿಗೆ ಯಾವ ಪರೀಕ್ಷೆಯೂ ಬೇಡ. ಚಹದ ನೀರು ಕಾಯಿಸುವ ಹಂಡೆಯ ಒಳಗೆ ಸುಣ್ಣದಂಥ ಪದರ ಕಟ್ಟುತ್ತಿದ್ದರೆ ಆ ನೀರು ಗಡುಸು. ಕೂದಲಿನ ಮೇಲೂ ಅದರ ಪ್ರಭಾವ ಇರುತ್ತದೆ. ಕೊನೆಯ ಒಂದು ತಂಬಿಗೆಯಾದರೂ ನದಿಯಿಂದ ಬರುವ ನಲ್ಲಿಯ ನೀರನ್ನು ಹಾಕಿಕೊಳ್ಳಬೇಕು.

ಸೌಮ್ಯವಾದ ಶಾಂಪೂವನ್ನು ಸ್ವಲ್ಪವೇ ತೆಗೆದುಕೊಂಡು ತಲೆಯ ಚರ್ಮಕ್ಕೆ ಮಾತ್ರ ಹಚ್ಚಿದರೆ ಸಾಕು; ಇಳಿದು ಬರುವ ನೊರೆಯೇ ತುದಿಗಳನ್ನು ತೊಳೆಯುತ್ತದೆ. ಬಳಿಕ ತುದಿಗಳಿಗೆ ಕಂಡೀಷನರ್ ಹಚ್ಚಿ ಎರಡು ಮೂರು ನಿಮಿಷ ಬಿಡಬೇಕು. ಕಿರಾಣಿ ಅಂಗಡಿಯಲ್ಲಿ ದೊರೆಯುವ ಚಿಕ್ಕ ಪೊಟ್ಟಣವೇ ಒಂದು ಸಲಕ್ಕೆ ಸಾಲುತ್ತದೆ. ಊರಿನಲ್ಲಿರುವವರಿಗೆ ಅದೂ ಬೇಡ. ದಾಸವಾಳದ ಎಲೆಗಳನ್ನು ನೀರಿನಲ್ಲಿ ಕಿವುಚಿ ಸೋಸಿದ ಲೋಳೆಯು ಎಳೆಗಳ ಮೇಲೆ ತೆಳುವಾದ ಲೇಪವಾಗಿ ನಿಂತು ಅದೇ ಕೆಲಸವನ್ನು ಮಾಡುತ್ತದೆ. ಸೀಗೆಕಾಯಿಯು ಜಿಡ್ಡನ್ನು ತೆಗೆಯುವಂಥದು. ಈಗಾಗಲೇ ಒಣಗಿರುವ ಗುಂಗುರುಗೂದಲಿಗೆ ಅದನ್ನು ಒಂದನ್ನೇ ಬಳಸದೆ ಲೋಳೆಯೊಡನೆ ಬೆರೆಸುವುದು ಲೇಸು. ಕೆಲವರು ಲಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋಗುತ್ತಾರೆ. ಇದು ಸರ್ವಥಾ ಕೂಡದು. ಲಿಂಬೆರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಬೊಕ್ಕೆಗಳೇಳುವುದುಂಟು.

ಬಾಚುವುದೂ ಒಣಗಿಸುವುದೂ

ನೇರಗೂದಲಿನವರಿಗೆ ಹೇಳುವ ಬುದ್ಧಿವಾದ ಇಲ್ಲಿ ತಿರುವುಮುರುವಾಗುತ್ತದೆ. ನೇರಗೂದಲನ್ನು ಸ್ವಲ್ಪ ಆರಿದ ಮೇಲೆ ಬಾಚಬೇಕು. ಗುಂಗುರುಗೂದಲನ್ನು ತೇವವಿರುವಾಗಲೇ, ಅಗಲವಾದ ಹಲ್ಲುಗಳ ಬಾಚಣಿಗೆಯಿಂದ ಬಾಚಬೇಕು. ಅಮೆರಿಕದ ಚರ್ಮವೈದ್ಯರ ಅಕಾಡೆಮಿಯ ಸಲಹೆಯೂ ಇದೇ. ಕಂಡೀಷನರ್ ಅಥವಾ ಲೋಳೆಯ ಜಾರು ಇರುವಾಗ ಮೊದಲು ಬೆರಳುಗಳಿಂದ ದೊಡ್ಡ ಗಂಟುಗಳನ್ನು ಬಿಡಿಸಿ, ಆಮೇಲೆ ತುದಿಯಿಂದ ಆರಂಭಿಸಿ ಸ್ವಲ್ಪ ಸ್ವಲ್ಪವಾಗಿ ಬುಡದತ್ತ ಏರಬೇಕು. ಬುಡದಿಂದ ಕೆಳಗೆ ಎಳೆದರೆ ಗಂಟುಗಳೆಲ್ಲ ಒಂದೇ ಕಡೆ ಸೇರಿ ಎಳೆ ಹರಿಯುತ್ತದೆ. ಒಣಗಿದ ಮೇಲೆ ಬಾಚಿದರೆ ಸುರುಳಿಗಳು ಒಡೆದು ತಲೆ ಹತ್ತಿಯ ಮೂಟೆಯಂತಾಗುವುದು ನಿಶ್ಚಯ.

ಒರಸುವುದಕ್ಕೆ ದಪ್ಪ ಟವೆಲು ಬೇಡ. ಊರಿನ ತೆಳುವಾದ ಬೈರಾಸು ಅಥವಾ ಹಳೆಯ ಪಂಚೆಯ ತುಂಡು ಉತ್ತಮ. ತಿಕ್ಕದೆ, ಬಟ್ಟೆಯೊಳಗೆ ಕೂದಲನ್ನು ಹಿಡಿದು ಒತ್ತಿ ನೀರನ್ನು ತೆಗೆಯಬೇಕು. ಬಳಿಕ ನೆರಳಿನ ಗಾಳಿಯಲ್ಲಿ ತಾನಾಗಿ ಒಣಗಲು ಬಿಟ್ಟು, ಅರ್ಧ ಆರಿದಾಗ ಅಂಗೈಗೆ ಎರಡು ಹನಿ ಎಣ್ಣೆ ಸವರಿಕೊಂಡು ತುದಿಗಳನ್ನು ಮುಟ್ಟಿದರೆ ಸುರುಳಿಗಳು ತಮ್ಮ ಸ್ಥಾನದಲ್ಲಿ ನಿಲ್ಲುತ್ತವೆ.

ಈ ಮಾತುಗಳು ಸ್ತ್ರೀಯರಿಗೆ ಮಾತ್ರವೆಂದು ಯಾರೂ ತಿಳಿಯಬಾರದು. ಹೋಟೆಲಿನ ತರುಣರಲ್ಲಿ ಗುಂಗುರುಗೂದಲಿನವರು ಎಷ್ಟೋ ಮಂದಿ ಇದ್ದಾರೆ. ವಾರದ ರಜೆಯಲ್ಲಿ ಕಡಲಿಗೆ ಹೋಗಿ, ಉಪ್ಪುತಲೆಯ ಮೇಲೆಯೇ ಮರುದಿನ ಟೋಪಿ ಹಾಕಿಕೊಂಡು ಇಡ್ಲಿಯ ಹಬೆಯ ಮುಂದೆ ನಿಂತರೆ, ಉಪ್ಪು, ಬೆವರು, ಸೆಖೆಗಳು ಸೇರಿ ತುರಿಕೆಯೂ ಹೊಟ್ಟೂ ಹೆಚ್ಚುತ್ತವೆ. ತಲೆ ತೊಳೆದು ಪೂರ್ಣವಾಗಿ ಆರಿದ ಮೇಲೆಯೇ ಟೋಪಿ ಧರಿಸಬೇಕು.

ನೇರ ಮಾಡಿಸುವ ದಾರಿ

ಇನ್ನು ಆ ಹುಡುಗಿ ಬಯಸಿದ ದಾರಿಯ ವಿಚಾರ. ಕೂದಲಿನ ಒಳಗಿನ ಬಂಧಗಳನ್ನು ರಾಸಾಯನಿಕದಿಂದ ಮುರಿದೋ, ಔಷಧ ಹಚ್ಚಿ ಕಾದ ಇಕ್ಕಳದಿಂದ ಒತ್ತಿಯೋ ನೇರ ಮಾಡುತ್ತಾರೆ. ಆದರೆ ಬುಡದಿಂದ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಬರುವ ಹೊಸ ಕೂದಲು ಮತ್ತೆ ಗುಂಗುರಾಗಿಯೇ ಬರುತ್ತದೆ. ಒಮ್ಮೆ ತೆತ್ತ ಹಣವನ್ನು ಮತ್ತೆ ಮತ್ತೆ ತೆರಬೇಕಾಗುತ್ತದೆ.

ಹಣಕ್ಕಿಂತ ದೊಡ್ಡ ಮಾತು ಆರೋಗ್ಯದ್ದು. ಇಂಥ ಕೆಲವು ಔಷಧಗಳು ಕಾದಾಗ ಫಾರ್ಮಾಲ್ಡಿಹೈಡ್ ಅನಿಲವನ್ನು ಬಿಡುತ್ತವೆ. ಅದು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ನಿರ್ಣಯಿಸಿತು. ಅದರ ಬದಲಿಗೆ ಬಂದ ಗ್ಲೈಆಕ್ಸಿಲಿಕ್ ಆಮ್ಲವೂ ನಿರಪಾಯವಲ್ಲ. ಕೂದಲು ನೇರ ಮಾಡಿಸಿಕೊಂಡ ಪ್ರತಿ ಸಲವೂ ಮೂತ್ರಪಿಂಡಗಳಿಗೆ ಹಠಾತ್ತಾಗಿ ಪೆಟ್ಟು ಬಿದ್ದ ಒಬ್ಬ ಯುವತಿಯ ವೃತ್ತಾಂತವನ್ನು ಫ್ರಾನ್ಸಿನ ವೈದ್ಯರು 2024ರಲ್ಲಿ ಪ್ರಕಟಿಸಿದ್ದಾರೆ. ಮಾಡಿಸಿಕೊಂಡವರಿಗೆಲ್ಲ ಹೀಗಾಗುವುದೆಂದು ಹೇಳಲಾಗದು. ಆದರೂ ಮಾಡಿಸಿಕೊಳ್ಳಲೇಬೇಕೆನ್ನುವವರು ಹಚ್ಚುವ ಔಷಧದ ಡಬ್ಬಿಯನ್ನು ಕೇಳಿ ಪಡೆದು, ಅದರ ಮೇಲಿನ ಹೆಸರುಗಳನ್ನು ಓದಿ, ಸಂದೇಹವಿದ್ದರೆ ವೈದ್ಯರನ್ನು ಕೇಳುವುದು ಅವಶ್ಯ.

ಈ ವಿಷಯಗಳನ್ನೆಲ್ಲ ನಮ್ಮ ಪರಿಚಿತರು ಮಗಳೊಡನೆ ಕುಳಿತು ಮಾತಾಡಿದರು. ಹಣವಿಲ್ಲವೆಂಬ ಒಂದೇ ಕಾರಣಕ್ಕೆ ಬೇಡವೆಂದದ್ದು ತಮ್ಮ ತಪ್ಪೆಂದು ಅವರೇ ಮೊದಲು ಒಪ್ಪಿಕೊಂಡರಂತೆ. ಅಂದಿನಿಂದ ಮನೆಯಲ್ಲಿ ಮಾತು ಮತ್ತೆ ಆರಂಭವಾಯಿತು.

ಮುಂದೆ ದೀಪಾವಳಿಯ ರಜೆಯಲ್ಲಿ ಆ ಕುಟುಂಬವು ಎಸ್.ಟಿ. ಬಸ್ಸಿನಲ್ಲಿ ಪನವೇಲ, ಪೇಣಗಳನ್ನು ದಾಟಿ ಅಲಿಬಾಗಿನ ಬಳಿಯ ನಾಗಾಂವ್ ಕಡಲತಡಿಗೆ ಹೋಯಿತು. ತಂದೆಯ ಹೆಗಲಿನ ಚೀಲದಲ್ಲಿ ಡೊಂಬಿವಲಿಯ ನಲ್ಲಿಯ ನೀರು ತುಂಬಿದ ಎರಡು ಸೀಸೆಗಳು. ಭಾರವನ್ನು ಕಂಡು ನಕ್ಕ ಮಗನಿಗೆ “ಇದು ನಿನ್ನ ಅಕ್ಕನ ಬಾವಿ” ಎಂದರಂತೆ. ಮಗಳು ಒಂದು ಸೀಸೆಯನ್ನು ತಲೆಗೆ ಸುರಿದುಕೊಂಡು, ಜಡೆಯನ್ನು ಬಿಗಿದು, ತಮ್ಮನಿಗಿಂತ ಮೊದಲೇ ತೆರೆಗಳತ್ತ ಓಡಿದಳು. ಅಂದು ಚಪ್ಪಲಿಗಳನ್ನು ಕಾಯುತ್ತ ಮರಳಿನ ಮೇಲೆ ಕುಳಿತವರು ತಂದೆ.

ಬರುವ ಬೇಸಗೆಯಲ್ಲಿ ಊರಿಗೆ ಹೋಗುವ ವಾಚಕರು ಪೆಟ್ಟಿಗೆಯಲ್ಲಿ ಅಗಲ ಹಲ್ಲಿನ ಒಂದು ಬಾಚಣಿಗೆಯನ್ನೂ ಒಂದು ಹಳೆಯ ಪಂಚೆಯ ತುಂಡನ್ನೂ ಇಟ್ಟುಕೊಳ್ಳಲಿ. ಜೂನ್ ತಿಂಗಳು ಹತ್ತಿರವಾದಂತೆ ನಮ್ಮ ಪಶ್ಚಿಮದ ಕಡಲು ಉಗ್ರವಾಗುವುದರಿಂದ, ಮಳೆಗಾಳಿ ಏಳುವ ಮುನ್ನವೇ, ಜೀವರಕ್ಷಕರಿರುವ ಕಡೆಯಲ್ಲೇ ಸ್ನಾನ ಮುಗಿಸಲಿ. ಸಿಹಿನೀರಿನ ತಂಬಿಗೆಯನ್ನು ಮಾತ್ರ ಮರೆಯದಿರಲಿ.